ಅಪ್ಪನಿಗೆ, ಬಸೂನ ವೈನರಿ ವಿಚಾರವಾಗಿ

ಬೆರ್ನ್‌ಕಾಸ್ಟೆಲ್ ಹತ್ತಿರ, ಮೋಸೆಲ್ ಹೊಳೆ ದಂಡೆ, ಜರ್ಮನಿ
ಅಕ್ಟೋಬರ್ ಎರಡನೇ ವಾರ

ತೀರ್ಥರೂಪ ಅಪ್ಪನವರಿಗೆ ನಿಮ್ಮ ಸುಮಿ ಮಾಡುವ ನಮಸ್ಕಾರಗಳು. ನಾನು ಇಲ್ಲಿ ಆರಾಮ. ಅವ್ವ, ಆಯಿ, ಕಾಕಾ ಎಲ್ಲರೂ ಆರಾಮ ಇದ್ದೀರೆಂದು ತಿಳಿದಿದ್ದೇನೆ. ಆಯಿಯ ಮೊಣಕಾಲಿಗೆ ಎಣ್ಣೆ ಹಚ್ಚುವುದು ಬಿಡಬೇಡಿ.

ನಿಮ್ಮ ಪತ್ರ ಮೂರು ಸಲ ಓದಿದೆ. ಒಣದ್ರಾಕ್ಷಿ ಶೆಡ್ ಕೆಡವಿ ಅಲ್ಲೇ ವೈನರಿ ಕಟ್ಟುತ್ತೇನೆ, ಅದಕ್ಕೆ ಬಾವಿ ಕಡೆಯ 4 ಎಕರೆ ಬ್ಯಾಂಕಿಗೆ ಒತ್ತೆ ಇಡೋಣ ಎಂದು ಬಸು ಹಟ ಹಿಡಿದಿದ್ದಾನೆ ಅಂದಿರಿ. "ಅಕ್ಕ ಅಲ್ಲೇ ಅದಾಳಲ್ಲ, ಎಲ್ಲಾ ಹೇಳಿಕೊಡ್ತಾಳ" ಅಂತಾನಂತೆ. ಹೇಳಿಕೊಡುತ್ತೇನೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ನೀವು ಮಾತ್ರ ಇದನ್ನು ಪೂರ್ತಿ ಓದುವ ತನಕ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಅವನ ತಲೆಗೆ ಇದು ಹೊಕ್ಕಿದ್ದು ನಾನು ಕಳಿಸಿದ ಫೋಟೋಗಳಿಂದ. ಹೊಳೆ, ಗುಡ್ಡ, ಹೂವಿನ ಕಿಟಕಿ ಕಂಡ. ನಾನು ಕೆಲಸ ಮಾಡುವಂಥ ಈ ವೈನ್ ಮನೆಗಳು ಹೇಗೆ ನಡೆಯುತ್ತವೆ ಅನ್ನುವುದನ್ನು ನಾನು ಬರೆಯಲೇ ಇಲ್ಲ.

ಇಲ್ಲೂ ನಮ್ಮ ಹಾಗೆಯೇ ಪಾಲಿನ ರಗಳೆ. ನೆಪೋಲಿಯನ್ ಕಾಲದ ಕಾನೂನಿನಿಂದ ಗಂಡು ಹೆಣ್ಣು ಅನ್ನದೆ ಎಲ್ಲ ಮಕ್ಕಳಿಗೂ ಸಮಪಾಲು ಆಯಿತು. ತಲೆಮಾರು ಕಳೆದಂತೆ ತೋಟಗಳು ಚೂರುಚೂರು. 4 ಹೆಕ್ಟೇರ್, ಅಂದರೆ ನಮ್ಮ ಲೆಕ್ಕದಲ್ಲಿ 10 ಎಕರೆ ಇರುವ ಮನೆಗೆ ಎರಡು ಮೂರು ಊರಿನ ಸೀಮೆಯಲ್ಲಿ ಹರಡಿದ ಹತ್ತಾರು ತುಂಡು. ಪಕ್ಕದ ವೇಲೆನ್ ಊರಲ್ಲಿ ಪ್ರೂಮ್ ಎಂಬ ಅಡ್ಡಹೆಸರಿನ ಬೋರ್ಡು ಒಂದಲ್ಲ, ಹಲವು. 1911ರಲ್ಲಿ ಮನೆ ಪಾಲಾದದ್ದು ಅದಕ್ಕೆ ಕಾರಣ. ಅದರಲ್ಲಿ ಯೋಹಾನ್ ಯೋಸೆಫ್ ಪ್ರೂಮ್ ಮನೆಯ ವೈನ್ ಇವತ್ತು ಜಗತ್ತಿಗೆಲ್ಲ ಗೊತ್ತು, ಈಗ ಅದನ್ನು ನಡೆಸುವವಳು ಆ ಮನೆಯ ಮಗಳು ಕಾಥರಿನಾ. (ಈ ಸಾಲನ್ನು ಅವ್ವನಿಗೆ ಎರಡು ಸಲ ಓದಿ ಹೇಳಿ.) ಅದೇ ಮನೆತನದ ಯೋಡೋಕುಸ್ ಎಂಬಾತ 1842ರಲ್ಲಿ ತೋಟದ ಬಂಡೆಯ ಮೇಲೆ ಸೂರ್ಯಗಡಿಯಾರ ಮಾಡಿಸಿದ, ಕೆಲಸದವರಿಗೆ ಹೊತ್ತು ತಿಳಿಯಲಿ ಎಂದು. ಆ ಗುಡ್ಡದ ವೈನಿಗೆ ಈಗಲೂ ಆ ಗಡಿಯಾರದ್ದೇ ಹೆಸರು.

ಗುಡ್ಡ ಅಂದರೆ ನಮ್ಮ ಕಡೆಯ ದಿನ್ನೆ ಅಲ್ಲ. ಬ್ರೆಮ್ ಊರಿನ ಕಾಲ್ಮೊಂಟ್ ಅನ್ನುವ ತೋಟದ ಇಳಿಜಾರು ಕೆಲವು ಕಡೆ 60 ಡಿಗ್ರಿ ದಾಟುತ್ತದೆ. ಟ್ರ್ಯಾಕ್ಟರ್ ಮಾತೇ ಇಲ್ಲ. ಒಂದೇ ಹಳಿಗೆ ಹಲ್ಲುಚಕ್ರ ಕಚ್ಚಿಕೊಂಡು ತೆವಳುವ ಪುಟ್ಟ ಬಂಡಿಯಲ್ಲಿ ಜನ, ಗೊಬ್ಬರ, ದ್ರಾಕ್ಷಿ ಎಲ್ಲ ಹತ್ತಿ ಇಳಿಯಬೇಕು. ಹಳೆಯ ತೋಟಗಳಲ್ಲಿ ನಮ್ಮ ಹಾಗೆ ಚಪ್ಪರ, ತಂತಿ ಇಲ್ಲ. ಬಳ್ಳಿಗೊಂದು ಗೂಟ, ಎರಡು ಕಡ್ಡಿ ಬಾಗಿಸಿ ಅದಕ್ಕೇ ಕಟ್ಟುತ್ತಾರೆ. ನೆಲವೆಲ್ಲ ಪಾಟಿ ಕಲ್ಲು, ನಾವು ಶಾಲೆಯಲ್ಲಿ ಬರೆದೆವಲ್ಲ, ಅಂಥದ್ದೇ. ಹಗಲು ಕಾದು ರಾತ್ರಿಯೆಲ್ಲ ಬಿಸಿ ಬಿಡುತ್ತದೆ. ಬೇರು ತಿನ್ನುವ ಫಿಲಾಕ್ಸರಾ ಹೇನು ಆ ಕಲ್ಲಲ್ಲಿ ಸರಿಯಾಗಿ ಬಾಳುವುದಿಲ್ಲವಾದ್ದರಿಂದ ಕೆಲವು ಹಳೆ ಬಳ್ಳಿಗಳು ಇನ್ನೂ ಸ್ವಂತ ಬೇರಿನ ಮೇಲಿವೆ. ನಮಗೆ ಡಾಗ್‌ರಿಡ್ಜ್ ಎಂಬ ಕಸಿ ಬೇರಿಲ್ಲದೆ ಹೆಜ್ಜೆ ಏಳುವುದಿಲ್ಲ. ಚಾಟನಿ ಮಾಡಿ ಕಡ್ಡಿ ಸವರಿದ ಮೇಲೆ ಇಲ್ಲಿ ಚಿಗುರು ಒಡೆಸುವ ಡಾರ್ಮೆಕ್ಸ್ ಹಚ್ಚುವ ಕೆಲಸವೂ ಇಲ್ಲ, ಚಳಿಗಾಲವೇ ಬಳ್ಳಿಯನ್ನು ಮಲಗಿಸಿ ಎಬ್ಬಿಸುತ್ತದೆ. ಆದರೆ ಕೆಲಸ? ಯಂತ್ರ ಓಡುವ ಬಯಲಲ್ಲಿ ಹೆಕ್ಟೇರಿಗೆ ವರ್ಷಕ್ಕೆ ಕೆಲವು ನೂರು ಗಂಟೆ ಸಾಕು, ಈ ಗುಡ್ಡಗಳಲ್ಲಿ ಸಾವಿರ ದಾಟುತ್ತದೆ. ನಮ್ಮವರು ಡೋಣಿ ಹೊಳೆಯ ಎರೆಮಣ್ಣಿನ ಬಗ್ಗೆ ಕೊಚ್ಚಿಕೊಂಡ ಹಾಗೆ ಇವರು ಈ ಕಲ್ಲಿನ ಬಗ್ಗೆ.

ಈಗ ದುಡ್ಡಿನ ಮಾತು. ಈ ಮನೆಗಳವರು ವೈನನ್ನು ಪೀಪಾಯಿ ಲೆಕ್ಕದಲ್ಲಿ ದೊಡ್ಡ ವ್ಯಾಪಾರಿಗೆ ಹಾಕಿದರೆ ಲೀಟರಿಗೆ ಸಿಗುವುದು ಒಂದು ಯೂರೋ ಆಸುಪಾಸು. ಅದನ್ನೇ ಬಾಟಲಿಗೆ ತುಂಬಿ, ಮನೆಯ ಹೆಸರಿನ ಚೀಟಿ ಅಂಟಿಸಿ ಬಾಗಿಲಲ್ಲೇ ಮಾರಿದರೆ ಮುಕ್ಕಾಲು ಲೀಟರಿಗೆ 8-10 ಯೂರೋ. ಸಣ್ಣವರು ಉಳಿದಿರುವುದು ಈ ಅಂತರದಲ್ಲೇ. ಅದಕ್ಕಾಗಿ ಅಂಗಳದಲ್ಲಿ ಬೆಂಚು ಹಾಕಿ ಸ್ಟ್ರೌಸ್‌ವಿರ್ಟ್‌ಶಾಫ್ಟ್ ಎಂಬ ಖಾನಾವಳಿ ನಡೆಸುತ್ತಾರೆ. ವರ್ಷಕ್ಕೆ 4 ತಿಂಗಳು, 40 ಆಸನ, ಸ್ವಂತ ವೈನ್, ಸಾದಾ ಊಟ: ಇಷ್ಟರೊಳಗೆ ಇದ್ದರೆ ಹೋಟೆಲಿನ ಲೈಸೆನ್ಸ್ ಬೇಡ. ತೆರೆದಿದೆ ಎಂದು ತಿಳಿಸಲು ಬಾಗಿಲಿಗೆ ಸೊಪ್ಪಿನ ಗೊಂಚಲೋ ಕಸಬರಿಗೆಯೋ ಕಟ್ಟುತ್ತಾರೆ. ಅವ್ವ ನಗಬಾರದು, ಇಲ್ಲಿ ಬಾಗಿಲಿಗೆ ಕಸಬರಿಗೆ ಕಟ್ಟಿದರೆ ಲಕ್ಷ್ಮಿ ಬರುತ್ತಾಳೆ. ಮೇಲಿನ ಕೋಣೆಗಳು ಪ್ರವಾಸಿಗರಿಗೆ ಬಾಡಿಗೆ. ಅಜ್ಜ ಗುಡ್ಡದಲ್ಲಿ, ಮಗ ನೆಲಮಾಳಿಗೆಯಲ್ಲಿ, ಅಜ್ಜಿ ಅಡುಗೆಮನೆಯಲ್ಲಿ, ಸೊಸೆ ಬಿಲ್ಲು, ತೆರಿಗೆ, ಪಾರ್ಸೆಲ್ಲಿನಲ್ಲಿ. ಯಾರಿಗೂ ಸಂಬಳವಿಲ್ಲ. ಅವರಿಗೂ ಕೂಲಿ ಹಿಡಿದು ಲೆಕ್ಕ ಹಾಕಿದರೆ ಎಷ್ಟೋ ಮನೆಗಳು ನಷ್ಟದಲ್ಲಿ ನಿಲ್ಲುತ್ತವೆ. ಕಟ್ಟಡ ಮುತ್ತಜ್ಜನದು, 1000 ಲೀಟರಿನ ಓಕ್ ಪೀಪಾಯಿಗಳು ಅಜ್ಜನವು, ಅವುಗಳ ಸಾಲ ಎಂದೋ ತೀರಿದೆ. ಬಾಟಲಿ ತುಂಬುವ ಯಂತ್ರ ಕೂಡ ಎಲ್ಲರ ಮನೆಯಲ್ಲಿಲ್ಲ; ಲಾರಿಯ ಮೇಲೆ ಕೂರಿಸಿದ್ದು ಬರುತ್ತದೆ, ಒಂದು ದಿನದಲ್ಲಿ ತುಂಬಿ ಹೋಗುತ್ತದೆ, ನಮ್ಮಲ್ಲಿ ರಾಶಿ ಮಷಿನ್ ಊರೂರು ತಿರುಗುವ ಹಾಗೆ. ಬಸು ಇದೆಲ್ಲವನ್ನೂ ಹೊಸದಾಗಿ, ಬಡ್ಡಿ ಸಾಲದಲ್ಲಿ ಕೊಳ್ಳಬೇಕು.

ಅವನ ಲೆಕ್ಕವನ್ನೇ ತೆಗೆದುಕೊಳ್ಳಿ. 2 ಎಕರೆಯ ಹಣ್ಣು ವೈನಿಗೆ ಅಂದಿದ್ದಾನೆ. ಎಕರೆಗೆ 10 ಟನ್ ಹಿಡಿದರೆ 20 ಟನ್. ಟನ್ನಿಗೆ ಸುಮಾರು 650 ಲೀಟರ್ ವೈನ್, ಒಟ್ಟು 13,000 ಲೀಟರ್, 17,000 ಬಾಟಲಿಗಿಂತ ಸ್ವಲ್ಪ ಹೆಚ್ಚು. ವರ್ಷದ ಒಂದು ದಿನವೂ ತಪ್ಪದೆ ದಿನಕ್ಕೆ 47 ಬಾಟಲಿ ಮಾರಬೇಕು. ಯಾರಿಗೆ? ಒಣದ್ರಾಕ್ಷಿಯಾದರೆ 4 ಕಿಲೋ ಹಸಿಗೆ 1 ಕಿಲೋ ಆಗುತ್ತದೆ, ದರ ಬಿದ್ದರೆ ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು ಕಾಯಬಹುದು. ವೈನಿಗೆ ಕೊಯ್ಲಿನಿಂದ ಮೊದಲ ಬಾಟಲಿ ಮಾರುವವರೆಗೆ ಕಡಿಮೆಯೆಂದರೂ ಆರೆಂಟು ತಿಂಗಳು ಹಣ ಸಿಕ್ಕಿಬೀಳುತ್ತದೆ, ಕೆಂಪು ವೈನಿಗೆ ಇನ್ನೂ ಹೆಚ್ಚು. ಬ್ಯಾಂಕಿನ ಕಂತು ಅಷ್ಟು ದಿನ ಕಾಯುತ್ತದೆಯೇ?

ಅದಕ್ಕಿಂತ ದೊಡ್ಡ ತೊಡಕು ಹಣ್ಣಿನದೇ. ನಮ್ಮ ಥಾಮ್ಸನ್, ತಾಸ್ ಗಣೇಶ ತಳಿಗಳು ಒಣದ್ರಾಕ್ಷಿಗೆ ಬಂಗಾರ, ವೈನಿಗೆ ಸಪ್ಪೆ. ನಾವು ಜಿಎ ಎಂಬ ಹಾರ್ಮೋನು ಕೊಟ್ಟು ಕಾಯಿ ಹಿಗ್ಗಿಸುತ್ತೇವೆ. ವೈನಿಗೆ ಬೇಕಾದ ವಾಸನೆ, ಬಣ್ಣ ಇರುವುದು ಸಿಪ್ಪೆಯಲ್ಲಿ, ಅದಕ್ಕೆ ಕಾಯಿ ಸಣ್ಣದಿರಬೇಕು. ಬಸು ಬ್ರಿಕ್ಸ್ 22 ಬಂದರೆ ಗೆದ್ದೆ ಅಂತಾನೆ. ಬ್ರಿಕ್ಸ್ ಹೇಳುವುದು ಸಕ್ಕರೆಯನ್ನು ಮಾತ್ರ. ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆಗೆ ಒಂದು ಶೇಕಡಾ ಆಲ್ಕೋಹಾಲ್, ಅಷ್ಟೇ. ನಮ್ಮ ಮಾರ್ಚ್ ಬಿಸಿಲಲ್ಲಿ ಸಕ್ಕರೆ ಏರುವಷ್ಟರಲ್ಲಿ ಹುಳಿ ಇಳಿದುಹೋಗಿರುತ್ತದೆ. ಹುಳಿಯನ್ನು ಪಿಎಚ್ ಎಂದು ಅಳೆಯುತ್ತಾರೆ, ಅಂಕಿ ಏರಿದಷ್ಟೂ ಹುಳಿ ಕಡಿಮೆ. ಇಲ್ಲಿನ ರೀಸ್ಲಿಂಗ್ ಎಂಬ ಬಿಳಿ ದ್ರಾಕ್ಷಿಯ ರಸದ ಪಿಎಚ್ 3ರ ಆಸುಪಾಸು. ನಮ್ಮದು 3.8 ಮುಟ್ಟಿತು ಅನ್ನಿ, ಆಗ ವೈನ್ ಬರೀ ಸಪ್ಪೆಯಲ್ಲ, ಕೆಡುತ್ತದೆ. ಕಾರಣ ಇದು: ವೈನ್ ಕಾಯುವುದು ಗಂಧಕದ ಡೈಆಕ್ಸೈಡ್, ಅದರ ಬಲ ಪಿಎಚ್ ಮೇಲೆ ನಿಂತಿದೆ. ಪಿಎಚ್ 3.2 ಇದ್ದಾಗ ಲೀಟರಿಗೆ 20 ಮಿಲಿಗ್ರಾಂ ಮಾಡುವ ಕೆಲಸಕ್ಕೆ 3.8ರಲ್ಲಿ ಸುಮಾರು 80 ಬೇಕು. ಟಾರ್ಟಾರಿಕ್ ಆಮ್ಲ ಹಾಕಿ ಸರಿಮಾಡುತ್ತಾರೆ, ಲೀಟರಿಗೆ 1 ಗ್ರಾಂ ಹಾಕಿದರೆ ಪಿಎಚ್ 0.1ರಷ್ಟು ಇಳಿದೀತು. 3.8ನ್ನು 3.4ಕ್ಕೆ ತರಲು ಎಷ್ಟು ಬೇಕು, ಬಾಯಿಗೆ ಹೇಗಿದ್ದೀತು, ಅವನೇ ಲೆಕ್ಕ ಹಾಕಲಿ.

"ಯೀಸ್ಟ್ ಹಾಕಿದರ ತಾನ ಆಗ್ತೈತಿ" ಅಂತಾನಂತೆ. ಆಗುತ್ತದೆ, ಕುದಿಯುತ್ತಲೂ ಇರುತ್ತದೆ. ಲೀಟರಿನಲ್ಲಿ 10 ಗ್ರಾಂ ಸಕ್ಕರೆ ಹುದುಗಿದರೆ ರಸದ ಬಿಸಿ ಸುಮಾರು 1.3 ಡಿಗ್ರಿ ಏರುತ್ತದೆ. 200 ಗ್ರಾಂ ಇದ್ದರೆ, ಬಿಸಿ ಹೊರಗೆ ಹೋಗದಿದ್ದರೆ, 26 ಡಿಗ್ರಿ. ಬಿಳಿ ವೈನ್ 16-20 ಡಿಗ್ರಿಯಲ್ಲಿ ಹುದುಗಬೇಕು. ಇಲ್ಲಿ ಗುಡ್ಡದೊಳಗೆ ಕೊರೆದ ನೆಲಮಾಳಿಗೆ ತಾನಾಗಿಯೇ ತಣ್ಣಗಿರುತ್ತದೆ. ನಮ್ಮ ಕೊಯ್ಲಿನ ಹೊತ್ತಿಗೆ ವಿಜಾಪುರದಲ್ಲಿ ಹೊರಗೇ 38-40. ಹಣ್ಣು ಬೆಳಗಿನ ಜಾವ ಕೊಯ್ದು ತಣ್ಣಗೆ ಮಾಡಬೇಕು, ಸುತ್ತ ತಣ್ಣೀರು ಹರಿಯುವ ಜಾಕೆಟ್ ಇರುವ ಸ್ಟೀಲ್ ಟ್ಯಾಂಕು ಬೇಕು, ಚಿಲ್ಲರ್ ಬೇಕು, ಕರೆಂಟು ಹೋದರೆ ಜನರೇಟರ್ ಬೇಕು. ರಸ 35 ಡಿಗ್ರಿ ಕಡೆ ಹೋದರೆ ಯೀಸ್ಟ್ ಅರ್ಧಕ್ಕೇ ಸೋತು ಸಾಯುತ್ತದೆ, ಸಿಹಿ ಉಳಿದ ಆ ರಸಕ್ಕೆ ಬ್ಯಾಕ್ಟೀರಿಯಾ ಬಂದು ಕೂರುತ್ತವೆ. ಪೀಪಾಯಿ, ಟ್ಯಾಂಕು ಕಂಠಮಟ್ಟ ತುಂಬಿರಬೇಕು. ಮೇಲೆ ನಾಲ್ಕು ಬೆರಳು ಗಾಳಿ ಬಿಟ್ಟರೆ ಕೆಲವೇ ವಾರಗಳಲ್ಲಿ ವಿನೆಗರ್ ವಾಸನೆ. ಬೂದಿ ರೋಗಕ್ಕೆಂದು ಕೊಯ್ಲಿನ ಹತ್ತಿರ ಗಂಧಕ ಹೊಡೆದಿದ್ದರೆ, ಅಥವಾ ರಸದಲ್ಲಿ ಯೀಸ್ಟಿಗೆ ಸಾರಜನಕ ಸಾಲದಿದ್ದರೆ, ಟ್ಯಾಂಕಿಂದ ಕೊಳೆತ ಮೊಟ್ಟೆಯ ನಾತ ಬರುತ್ತದೆ. ಒಣದ್ರಾಕ್ಷಿಗೆ ಈ ಯಾವ ಕಾಟವೂ ಇಲ್ಲ.

ಇನ್ನೊಂದು, ಇದನ್ನು ಬಸೂಗೆ ನೀವೇ ಎದುರು ಕೂರಿಸಿ ಹೇಳಿ. ಒಂದು ಲೀಟರ್ ರಸ ಹುದುಗಿದರೆ 40-50 ಲೀಟರ್ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಬಣ್ಣವಿಲ್ಲ, ಗಾಳಿಗಿಂತ ಭಾರ, ಕೆಳಗೇ ತುಂಬಿಕೊಳ್ಳುತ್ತದೆ. ಅಜ್ಜನ ಕಾಲದಲ್ಲಿ ನೆಲದೊಳಗಿನ ಕಾಳಿನ ಹಗೇವು ತೆಗೆದಾಗ ದೀಪ ಇಳಿಸಿ ನೋಡಿ ಆಮೇಲೆ ಮನುಷ್ಯ ಇಳಿಯುತ್ತಿದ್ದದ್ದು ನೆನಪಿದೆಯಲ್ಲ, ಅದೇ ಭಯ. ಇಲ್ಲೂ ಮೊದಲು ಮೇಣದಬತ್ತಿ ಹಿಡಿದು ಹೋಗುತ್ತಿದ್ದರು. ಆದರೆ ಬತ್ತಿ ಆರುವ ಹೊತ್ತಿಗೆ ಮನುಷ್ಯನಿಗೂ ಅಪಾಯದ ಮಟ್ಟ ಬಂದಿರುತ್ತದೆ, ಅದಕ್ಕೇ ಈಗ ಕೂಗುವ ಮೀಟರ್ ಇಟ್ಟುಕೊಂಡು, ಫ್ಯಾನ್ ಹಾಕಿ ಒಳಗೆ ಹೋಗುತ್ತಾರೆ. ನಾನು ಕೆಲಸ ಮಾಡುವ ಮನೆಯಲ್ಲೂ ಮೀಟರ್ ಇದೆ, ಫ್ಯಾನ್ ಇದೆ, ನಾನು ಒಬ್ಬಳೇ ಎಂದೂ ಇಳಿಯುವುದಿಲ್ಲ. ಅವ್ವನಿಗೆ ಈ ಪ್ಯಾರಾ ಓದಬೇಡಿ. ಓದಿದ್ದರೆ, ಮೀಟರ್ ಎರಡು ಇವೆ ಎಂದು ಹೇಳಿ.

ಕರ್ನಾಟಕದಲ್ಲಿ ಯಾರೂ ಮಾಡಿಲ್ಲವೇ ಅಂತ ಬಸು ಕೇಳುತ್ತಾನೆ. ಮಾಡಿದ್ದಾರೆ. ದೊಡ್ಡಬಳ್ಳಾಪುರ ಕಡೆ ಗ್ರೋವರ್ ಮನೆತನ, ಹಂಪಿ ಗುಡ್ಡಗಳ ಕಡೆ ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿಯ ಕೃಷ್ಮಾ. 2007ರಲ್ಲಿ ಸರ್ಕಾರ ವೈನ್ ನೀತಿ ತಂದು ವೈನ್ ಬೋರ್ಡನ್ನೂ ಮಾಡಿತು. ಆದರೆ ಅವರು ಹಚ್ಚಿದ್ದು ಕಾಬರ್ನೆ ಸೊವಿನ್ಯೋನ್, ಸೊವಿನ್ಯೋನ್ ಬ್ಲಾಂಕ್‌ನಂಥ ವೈನ್ ತಳಿಗಳನ್ನು. ಮತ್ತೆ ಚಿಗುರುಪಾಟಿಯವರ ಬೆನ್ನಿಗೆ ಔಷಧ ಕಂಪನಿ ಇದೆ. ನಮ್ಮ ಬೆನ್ನಿಗೆ ಆ 4 ಎಕರೆ.

ಹಾಗೆಂದು ಹುಡುಗನ ಉಮೇದಿಗೆ ಪೂರ್ತಿ ತಣ್ಣೀರು ಎರಚಬೇಡಿ. ಶೆಡ್ ಇರಲಿ. ತೆಂಕಣ ಅಂಚಿನ ಅರ್ಧ ಎಕರೆಯಲ್ಲಿ ಡಾಗ್‌ರಿಡ್ಜ್ ಮೇಲೆ ವೈನ್ ತಳಿ ಕಸಿ ಕಟ್ಟಲಿ. ಹಚ್ಚುವ ಮುಂಚೆಯೇ ಯಾವುದಾದರೂ ವೈನರಿಯವರ ಜೊತೆ ತಳಿ, ಬ್ರಿಕ್ಸ್, ದರ ಬರೆದ ಕರಾರು ಆಗಲಿ. ಕೊಳ್ಳುವವರಿಲ್ಲದಿದ್ದರೆ ವೈನ್ ದ್ರಾಕ್ಷಿ ಬೀಜದ ಸಣ್ಣ ಕಾಯಿ, ಸಂತೆಯಲ್ಲಿ ಯಾರೂ ಮೂಸುವುದಿಲ್ಲ. ಮೂರು ಬೆಳೆ ನೋಡಲಿ. ಬರುವ ಮಾರ್ಚಿನಲ್ಲಿ ಈಗಿರುವ ಥಾಮ್ಸನ್ನಿನ ರಸವನ್ನೇ ಪರೀಕ್ಷೆ ಮಾಡಿಸಲಿ: ಸಾಲಿನ ಎರಡೂ ಬದಿ, ಗೊನೆಯ ಮೇಲೆ ಕೆಳಗೆ ಸೇರಿಸಿ 100 ಕಾಯಿ, ಹಿಂಡಿ, ಸೋಸಿ, ಬ್ರಿಕ್ಸ್, ಪಿಎಚ್, ಒಟ್ಟು ಆಮ್ಲ ಮೂರೂ ಒಂದೇ ಹಾಳೆಯಲ್ಲಿ. ವಾರಕ್ಕೊಮ್ಮೆ, ನಾಲ್ಕು ವಾರ. ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಒಮ್ಮೆ ವಿಚಾರಿಸಲಿ. ಆ ಹಾಳೆ ನನಗೆ ಕಳಿಸಿದರೆ ಮುಂದಿನ ಮಾತು.

40 ಸಾವಿರ ಕಳಿಸುತ್ತಿದ್ದೇನೆ. ಇದು ಚಾಟನಿ ಕೂಲಿಗೆ, ಡಾರ್ಮೆಕ್ಸಿಗೆ, ದವಣಿ ರೋಗದ ಔಷಧಿಗೆ. ಬಸೂನ ಸಿಮೆಂಟಿಗಲ್ಲ.

ನಾನು ಚೆನ್ನಾಗಿಯೇ ಇದ್ದೇನೆ, ನಿಜವಾಗಿಯೂ ಚೆನ್ನಾಗಿದ್ದೇನೆ. ಜೋಳದ ಹಿಟ್ಟು ಇನ್ನೂ ಇದೆ, ಸ್ವೆಟರ್ ಎರಡು ಇವೆ, ಕೆಮ್ಮು ಹೋಗಿದೆ. ಕುಡಿಯುತ್ತೀಯೇನೇ ಎಂದು ಅವ್ವ ಕೇಳಿದ್ದಕ್ಕೆ ಉತ್ತರ: ರುಚಿ ನೋಡಿ ಉಗುಳುವುದೇ ಇಲ್ಲಿ ಕೆಲಸ, ಅದಕ್ಕೆ ಬಕೆಟ್ ಇಟ್ಟಿರುತ್ತಾರೆ.

ಪ್ರೆಸ್ ನಿಂತಿತು, ಸಿಪ್ಪೆ ತೆಗೆದು ತೊಳೆಯಬೇಕು, ಕೂಗುತ್ತಿದ್ದಾರೆ. ಸಹಿ ಹಾಕಬೇಡಿ. ಆಯಿಗೆ ನಮಸ್ಕಾರ.

ನಿಮ್ಮ ಸುಮಿ

ತಾ.ಕ.: ಬ್ರಿಕ್ಸ್ ನೋಡುವ ರಿಫ್ರಾಕ್ಟೋಮೀಟರ್ ಮೇಲೆ ಮೊದಲು ಶುದ್ಧ ನೀರಿನ ಹನಿ ಹಾಕಿ ಸೊನ್ನೆ ತೋರಿಸುತ್ತದೋ ನೋಡಲು ಹೇಳಿ. ಹೋದ ವರ್ಷ ನಮ್ಮದು 1 ಹೆಚ್ಚು ತೋರಿಸುತ್ತಿತ್ತು.