ಹತ್ತು ವರ್ಷದ ಮರ: ಕ್ರಿಸ್ಮಸ್ ಸಿನಿಮಾ ಬರೆಯುವ ತಂಗಿಗೆ

ಪ್ರೀತಿಯ ತಂಗಿ,

ನಿನ್ನ ಪತ್ರವೂ ಸಿಕ್ಕಿತು, ಜೊತೆಗೆ ಕಳಿಸಿದ ಔಟ್‌ಲೈನ್ ಕೂಡ. ಔಟ್‌ಲೈನ್ ಎರಡು ಸಲ ಓದಿದೆ. ಪತ್ರವನ್ನು ಮಾತ್ರ ಇನ್ನೂ ಜಾಸ್ತಿ ಸಲ ಓದಿದೆ. ಅದರ ಕೊನೆಯಲ್ಲಿ ಬರೆದಿದ್ದೀಯಲ್ಲ, "ಅಕ್ಕಾ, ಇಷ್ಟು ದೂರ ಒಟ್ಟಾವಾಕ್ಕೆ ಬಂದು ಸಿನಿಮಾ ಬರವಣಿಗೆ ಓದಿದೆ. ಸಿಕ್ಕಿದ್ದು ಟಿವಿಯ ಕ್ರಿಸ್ಮಸ್ ಪ್ರೇಮಕಥೆ. ಮಂಗಳೂರಲ್ಲಿ ಯಾರಿಗೂ ಹೇಳಿಲ್ಲ" ಅಂತ. ಆ ಮಾತು ನನ್ನನ್ನು ಬಿಡಲಿಲ್ಲ.

ಹೇಳು ತಂಗಿ. ಅಮ್ಮನಿಗೆ ಮೊದಲು ಹೇಳು.

ನಾನು ಈ ಚಿತ್ರಗಳನ್ನು ಮೊದಲು ನೋಡಿದ್ದು ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೋದಾಗ. ನವೆಂಬರ್ ತಿಂಗಳು. ಸಂಜೆ ಐದಕ್ಕೆಲ್ಲ ಕತ್ತಲು. ಮಗು ರಾತ್ರಿ ಎರಡಕ್ಕೆ ಎದ್ದರೆ ನಾಲ್ಕರವರೆಗೆ ಮಲಗುತ್ತಿರಲಿಲ್ಲ. ಮಗಳು ಸ್ವಲ್ಪ ನಿದ್ದೆ ಮಾಡಲಿ ಅಂತ ನಾನು ಮಗುವನ್ನು ಹೆಗಲಿಗೆ ಹಾಕಿಕೊಂಡು ಹಾಲ್‌ನಲ್ಲಿ ಓಡಾಡುತ್ತಿದ್ದೆ. ಟಿವಿ ಹಾಕಿ ಸದ್ದು ಪೂರ್ತಿ ಕಮ್ಮಿ ಮಾಡಿರುತ್ತಿದ್ದೆ. ಯಾವ ಹೊತ್ತಿಗೆ ಹಾಕಿದರೂ ಒಂದು ಸಣ್ಣ ಊರು, ಒಂದು ಬೇಕರಿ, ಕೆಂಪು ಕೋಟಿನ ಹುಡುಗಿ. ಸದ್ದಿಲ್ಲದೆಯೂ ಕಥೆ ಅರ್ಥವಾಗುತ್ತಿತ್ತು. ಪರದೇಶದಲ್ಲಿ, ಆ ಚಳಿಯಲ್ಲಿ, ಅವರು ಸೇರುತ್ತಾರೆ ಅಂತ ಮೊದಲೇ ಗೊತ್ತಿದ್ದದ್ದು ನನಗೆ ಎಷ್ಟು ಧೈರ್ಯ ಕೊಟ್ಟಿತು ಅಂತ ಹೇಳಲಾರೆ. ನಿನ್ನ ಚಿತ್ರವನ್ನು ನೋಡುವವರು ಅವರೇ. ನಿದ್ದೆ ಬಾರದವರು, ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್‌ಗಳು, ಮಕ್ಕಳು ದೂರ ಇರುವ ಮನೆಯವರು, ಉಡುಗೊರೆ ಪ್ಯಾಕ್ ಮಾಡುತ್ತಾ ಆಗಾಗ ತಲೆ ಎತ್ತುವವರು. ಅವರಿಗಾಗಿ ಬರೆಯುವುದು ಸಣ್ಣ ಕೆಲಸ ಅಲ್ಲ.

ಈ ಕೆಲಸಕ್ಕೆ ಒಂದು ಮನೆತನವೂ ಇದೆ. ಕಾನ್ಸಾಸ್ ಸಿಟಿಯಲ್ಲಿ 1910ರಲ್ಲಿ ಜಾಯ್ಸ್ ಹಾಲ್ ಅನ್ನುವ ಹದಿನೆಂಟು ವರ್ಷದ ಹುಡುಗ ಶೂ ಡಬ್ಬಿಗಳಲ್ಲಿ ಪೋಸ್ಟ್‌ಕಾರ್ಡ್ ತುಂಬಿಕೊಂಡು ಬಂದು ವ್ಯಾಪಾರ ಶುರು ಮಾಡಿದ. ಅದೇ ಮುಂದೆ ಶುಭಾಶಯ ಪತ್ರಗಳ ಹಾಲ್‌ಮಾರ್ಕ್ ಕಂಪನಿ ಆಯಿತು. 1951ರ ಕ್ರಿಸ್ಮಸ್ ಹಿಂದಿನ ರಾತ್ರಿ ಆ ಕಂಪನಿಯ ಪ್ರಾಯೋಜಕತ್ವದಲ್ಲಿ ಎನ್‌ಬಿಸಿ ಟಿವಿಯಲ್ಲಿ ಒಂದು ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ಪ್ರಸಾರವಾಯಿತು. ಸಂಗೀತಗಾರ ಮೆನೊಟ್ಟಿ ಬರೆದದ್ದು. ಟಿವಿಗಾಗಿಯೇ ಅಮೆರಿಕದಲ್ಲಿ ರಚನೆಯಾದ ಮೊದಲ ಒಪೆರಾ ಅದು. ಕುಂಟ ಹುಡುಗನೊಬ್ಬನ ಬಡ ಮನೆಗೆ, ಏಸುವನ್ನು ಹುಡುಕಿಕೊಂಡು ಹೊರಟ ಮೂವರು ರಾಜರು ಬರುತ್ತಾರೆ. ಕೊಡಲು ಬೇರೇನೂ ಇಲ್ಲದ ಹುಡುಗ ತನ್ನ ಊರುಗೋಲನ್ನೇ ಕೊಡಲು ಮುಂದಾಗುತ್ತಾನೆ. ಹಾಲ್‌ಮಾರ್ಕ್ ಹೆಸರಿನ ಚಾನೆಲ್ ಬಂದದ್ದು 2001ರಲ್ಲಿ. 'ಕೌಂಟ್‌ಡೌನ್ ಟು ಕ್ರಿಸ್ಮಸ್' ಅಂತ ವಾರಗಟ್ಟಲೆ ಇದೇ ಚಿತ್ರಗಳನ್ನು ಹಾಕುವುದು 2009ರಿಂದ. 2019ರ ಹೊತ್ತಿಗೆ ಒಂದೇ ಸೀಸನ್‌ಗೆ 40 ಹೊಸ ಚಿತ್ರ. ಲೈಫ್‌ಟೈಮ್, ನೆಟ್‌ಫ್ಲಿಕ್ಸ್ ಎಲ್ಲರೂ ಈಗ ಈ ದಾರಿಯಲ್ಲಿದ್ದಾರೆ.

ಶುಭಾಶಯ ಪತ್ರ ಮಾರುವ ಕಂಪನಿಯಿಂದ ಈ ಚಿತ್ರಗಳು ಬಂದದ್ದು ಆಕಸ್ಮಿಕ ಅಲ್ಲ ಅನ್ನಿಸುತ್ತದೆ ನನಗೆ. ಕಾರ್ಡ್ ಬರೆಯುವವರು ಒಂದು ಸಾಲು ಬರೆಯುತ್ತಾರೆ. ಅದನ್ನು ಸಾವಿರಾರು ಜನ ಕೊಂಡು, ಕೆಳಗೆ ತಮ್ಮ ಹೆಸರು ಹಾಕಿ, ತಮ್ಮದೇ ಮಾತು ಅಂತ ಕಳಿಸುತ್ತಾರೆ. ಬಾಯಿಬಿಟ್ಟು ಹೇಳಲಾಗದ್ದನ್ನು ಇನ್ನೊಬ್ಬರು ಬರೆದ ಸಾಲು ಹೇಳಿಬಿಡುತ್ತದೆ. ನೀನೂ ಅಂಥ ಸಾಲು ಬರೆಯಬೇಕು. ಅಪ್ಪನ ಜೊತೆ ಮಾತು ಬಿಟ್ಟವಳೊಬ್ಬಳು ನಿನ್ನ ಚಿತ್ರ ನೋಡಿ ಫೋನ್ ಎತ್ತಿಕೊಳ್ಳುವಂಥ ಸಾಲು.

"ಎಲ್ಲಾ ಕಥೆಯೂ ಒಂದೇ ಅಲ್ವಾ ಅಕ್ಕಾ" ಅಂತ ಕೇಳಿದ್ದೀಯ. ನಿಮ್ಮ ಕಡೆ ಯಕ್ಷಗಾನದ ಆಟಕ್ಕೆ ಹೋದವರಿಗೆ ಇದರ ಉತ್ತರ ಗೊತ್ತು. ಪ್ರಸಂಗ ಕರ್ಣಪರ್ವ ಅಂತ ತಿಳಿದೇ ಜನ ಬರುತ್ತಾರೆ. ಕರ್ಣ ಸಾಯುತ್ತಾನೆ. ಅದರಲ್ಲಿ ಯಾರಿಗೂ ಅನುಮಾನ ಇಲ್ಲ. ಆದರೂ ನಿದ್ದೆಗೆಟ್ಟು ಕೂರುತ್ತಾರೆ. ಇವತ್ತಿನ ವೇಷಧಾರಿ ರಥದ ಗಾಲಿ ಹೂತಾಗ ಕರ್ಣನ ಬಾಯಲ್ಲಿ ಯಾವ ಮಾತು ಆಡಿಸುತ್ತಾನೆ, ಅದನ್ನು ಕೇಳಬೇಕು ಅವರಿಗೆ. ನಿನ್ನ ನೋಡುಗರೂ ಹಾಗೆಯೇ. ಮುತ್ತು ಕೊನೆಯಲ್ಲಿ ಬರುತ್ತದೆ, ಅದಕ್ಕೂ ಮೊದಲು ಒಮ್ಮೆ ತುಟಿ ಹತ್ತಿರ ಬಂದಾಗ ಯಾರೋ ಬಾಗಿಲು ತಟ್ಟುತ್ತಾರೆ, ಎಲ್ಲಾ ಗೊತ್ತು ಅವರಿಗೆ. ಯಾಕೆ ತಡವಾಯಿತು ಅನ್ನುವುದಷ್ಟೇ ಗೊತ್ತಿಲ್ಲ. ಪ್ರೀತಿ ಮಾಡಬಲ್ಲ ಇಬ್ಬರು ಇಷ್ಟು ದಿನ ಯಾಕೆ ಸುಮ್ಮನಿದ್ದರು? ನಿನ್ನ ಕೆಲಸವೆಲ್ಲ ಈ ಪ್ರಶ್ನೆಯಲ್ಲಿದೆ.

ನಿನ್ನ ಔಟ್‌ಲೈನ್ ಸೋತಿರುವುದೂ ಇಲ್ಲೇ. ಬೇಜಾರು ಮಾಡಿಕೊಳ್ಳಬೇಡ.

ಎರಡು ಗಂಟೆಯ ಸ್ಲಾಟ್‌ನಲ್ಲಿ ಜಾಹೀರಾತು ಕಳೆದರೆ ನಿನಗೆ ಸಿಗುವುದು 84 ನಿಮಿಷದ ಆಸುಪಾಸು. ಅದನ್ನು ಒಂಬತ್ತು ಅಂಕ ಮಾಡಬೇಕು. ಮೊದಲನೆಯದು ಉದ್ದ, ಹೋಗುತ್ತಾ ಹೋಗುತ್ತಾ ಚಿಕ್ಕದು. ಈ ಲೆಕ್ಕ ನೀನು ಚೆನ್ನಾಗಿ ಹಿಡಿದಿದ್ದೀಯ. ಪ್ರತಿ ಬ್ರೇಕ್‌ಗೆ ಮುಂಚೆ ಏನೋ ಒಂದು ತಿರುವು ಇದೆ. ಆದರೆ ಎಂಟನೇ ಅಂಕಕ್ಕೆ ಮುಂಚೆ ಅವರಿಬ್ಬರೂ ಬೇರೆಯಾಗುವುದಕ್ಕೆ ನೀನು ಕೊಟ್ಟ ಕಾರಣ ಏನು? ಅವನು ಫೋನ್‌ನಲ್ಲಿ ಯಾರ ಜೊತೆಗೋ ಮಾತಾಡುವುದನ್ನು ಅವಳು ಅರ್ಧ ಕೇಳಿಸಿಕೊಳ್ಳುತ್ತಾಳೆ. ತಾನು ಮಾರಲು ಬಂದ ಅಪ್ಪನ ತೋಟವನ್ನು ಅಗ್ಗದಲ್ಲಿ ಹೊಡೆದುಕೊಳ್ಳಲು ಬಂದವನು ಅಂತ ತಪ್ಪು ತಿಳಿದು ಸಿಟ್ಟಾಗಿ ಹೋಗಿಬಿಡುತ್ತಾಳೆ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಒಂದು ಧಾರಾವಾಹಿಯಲ್ಲಿ ಗಂಡ ಹೆಂಡತಿ ನಡುವೆ ಇಂಥದ್ದೇ ಒಂದು ಅಪಾರ್ಥ ತಂದೆ. ಚಾನೆಲ್‌ನವರು ಇನ್ನೂ ಎಳೆಯಿರಿ ಅಂದರು, ಎಳೆದೆ. ಎರಡು ತಿಂಗಳು ಎಳೆದೆ. ಒಂದು ದಿನ ನಮ್ಮ ಬೀದಿಯಲ್ಲಿ ಸೊಪ್ಪು ಮಾರುವ ಅಜ್ಜಿ ಬುಟ್ಟಿ ಇಳಿಸಿ ಕೇಳಿದರು, "ಏನಮ್ಮಾ, ಒಂದು ಫೋನ್ ಮಾಡಿ ಕೇಳಿದ್ರೆ ಮುಗೀತಿತ್ತಲ್ವಾ? ಅವ್ಳು ಯಾಕೆ ಕೇಳ್ಲಿಲ್ಲ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಅಜ್ಜಿ ದಿನಾ ಸಂಜೆ ಕೆಲಸ ಮುಗಿಸಿ, ನಾನು ಬರೆದದ್ದನ್ನು ನಂಬಿ ಕೂತು ನೋಡುತ್ತಿದ್ದರು. ಆ ನಂಬಿಕೆಗೆ ನಾನು ಮೋಸ ಮಾಡಿದ್ದೆ. ಒಂದು ಫೋನ್ ಕರೆಯಲ್ಲಿ ಬಗೆಹರಿಯುವ ಜಗಳದ ಮೇಲೆ ಆಮೇಲೆ ಯಾವತ್ತೂ ಕಥೆ ಕಟ್ಟಿಲ್ಲ. ನೀನೂ ಕಟ್ಟಬೇಡ.

ಹಾಗಾದರೆ ಅವರು ಯಾತಕ್ಕೆ ಬೇರೆಯಾಗಬೇಕು? ನಿನ್ನ ಕಥೆಯಲ್ಲೇ ಉತ್ತರ ಬಿದ್ದಿದೆ, ನೀನು ನೋಡಿಲ್ಲ. ನಿನ್ನ ನಾಯಕಿಯ ಅಪ್ಪನದು ಕ್ರಿಸ್ಮಸ್ ಮರದ ತೋಟ. ಅವಳು ಹತ್ತು ವರ್ಷದ ಹಿಂದೆ ಜಗಳವಾಡಿ ಟೊರೊಂಟೊಗೆ ಹೋದವಳು. ಈಗ ಅಪ್ಪ ತೀರಿಕೊಂಡಿದ್ದಾರೆ, ತೋಟ ಮಾರಲು ಬಂದಿದ್ದಾಳೆ. ಇಷ್ಟು ಬರೆದು ತೋಟವನ್ನು ನೀನು ಬರೀ ಹಿನ್ನೆಲೆಗೆ ಇಟ್ಟುಬಿಟ್ಟಿದ್ದೀಯ. ದೀಪದ ಸರ ಹಾಕಿದ ಚಂದದ ಜಾಗ, ಅಷ್ಟೇ.

ಆ ತೋಟದ ಕೆಲಸ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಯೋಚಿಸು. ಮನೆಯೊಳಗೆ ಇಡುವಷ್ಟು ಎತ್ತರ, ಅಂದರೆ ಆರೇಳು ಅಡಿ ಬೆಳೆಯಲು ಒಂದು ಫರ್ ಮರಕ್ಕೆ 7ರಿಂದ 10 ವರ್ಷ ಬೇಕು. ವರ್ಷಕ್ಕೆ ಸುಮಾರು ಒಂದು ಅಡಿ. ವಸಂತದಲ್ಲಿ ಸಸಿ ನೆಡುತ್ತಾರೆ. ಕಡಿದ ಮರದ ಬದಲಿಗೆ ಹೊಸದನ್ನು ನೆಡುತ್ತಲೇ ಇರಬೇಕು, ಇಲ್ಲದಿದ್ದರೆ ಎಂಟು ವರ್ಷದ ನಂತರ ಮಾರಲು ಏನೂ ಇರುವುದಿಲ್ಲ. ಆ ಒತ್ತಾದ ಗೋಪುರದ ಆಕಾರ ತಾನಾಗಿ ಬರುವುದಲ್ಲ. ಪ್ರತಿ ಬೇಸಿಗೆ ಉದ್ದ ಕತ್ತಿ ಹಿಡಿದು ಮರದ ಸುತ್ತ ನಡೆಯುತ್ತಾ ತುದಿಗಳನ್ನು ಸವರಿ ಸವರಿ ತರುತ್ತಾರೆ. ಒಂದು ವರ್ಷ ಸವರದಿದ್ದರೆ ಮರ ಅಡ್ಡಾದಿಡ್ಡಿ. ನಮ್ಮ ಅಡಿಕೆ ತೋಟದವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಸಸಿ ನೆಡುವವನು ಇವತ್ತಿನ ಊಟಕ್ಕೆ ಅಂತ ನೆಡುವುದಿಲ್ಲ.

ಈಗ ನಿನ್ನ ನಾಯಕಿಯನ್ನು ಆ ತೋಟದಲ್ಲಿ ನಿಲ್ಲಿಸು. ಅವಳು ಮನೆ ಬಿಟ್ಟುಹೋದ ವಸಂತದಲ್ಲಿ ಅಪ್ಪ ನೆಟ್ಟ ಸಾಲು ಈ ಡಿಸೆಂಬರ್‌ನಲ್ಲಿ ಕಡಿಯಲು ತಯಾರಾಗಿದೆ. ಎಂಟು ಬೇಸಿಗೆ ಆ ಮನುಷ್ಯ, ಮಗಳು ಫೋನ್ ಕೂಡ ಮಾಡದ ಎಂಟು ಬೇಸಿಗೆ, ಪ್ರತಿ ಮರವನ್ನೂ ಸುತ್ತಿ ಸವರಿದ್ದಾನೆ. ಕೊನೆಯ ಎರಡು ವರ್ಷ ಅಪ್ಪನ ಕೈಲಾಗದಿದ್ದಾಗ ಆ ಕೆಲಸ ಮಾಡಿದವನು ನಿನ್ನ ನಾಯಕ. ಅವಳಿಗೆ ಅವನ ಮೇಲೆ ಬರುವುದು ಅಪಾರ್ಥದ ಸಿಟ್ಟಲ್ಲ. ತಾನು ಇರಬೇಕಾಗಿದ್ದ ಜಾಗದಲ್ಲಿ ಇವನಿದ್ದ ಅನ್ನುವ ನೋವು. ಅವನಿಗೂ ಅವಳ ಮೇಲೆ ಒಂದು ಸಿಟ್ಟಿದೆ. ಆ ಮುದುಕ ದಿನಾ ಗೇಟಿನ ಕಡೆ ನೋಡುತ್ತಿದ್ದುದನ್ನು ಅವನು ಕಂಡಿದ್ದಾನೆ. ಇದು ಯಾವ ಫೋನ್ ಕರೆಯಲ್ಲಿ ಬಗೆಹರಿಯುತ್ತದೆ ಹೇಳು? ಬಗೆಹರಿಯಲು ಅವರಿಬ್ಬರೂ ಸೇರಿ ಆ ಸಾಲನ್ನು ಕಡಿಯಬೇಕು, ಅಥವಾ ಕಡಿಯದೆ ಬಿಡಬೇಕು. ಅದು ನಿನ್ನ ಎಂಟನೇ ಅಂಕ. ಆಮೇಲೆ ಬರುವ ಮುತ್ತಿಗೆ ಒಂದು ತೂಕ ಇರುತ್ತದೆ.

ನಿಮ್ಮ ಒಂಟಾರಿಯೊ ಪ್ರಾಂತ್ಯದಲ್ಲಿ ಇಂಥ ತೋಟಗಳು ಬೇಕಾದಷ್ಟಿವೆ. ಒಂದಕ್ಕೆ ಹೋಗು. ಜುಲೈನಲ್ಲಿ ಹೋಗು, ಸವರುವ ಕಾಲ ಅದು. ಒಂದು ದಿನ ಕತ್ತಿ ಹಿಡಿದು ನೋಡು. ಭುಜ ಎಲ್ಲಿ ನೋಯುತ್ತದೆ, ಕೈಗೆ ಯಾವ ಅಂಟು ಹತ್ತುತ್ತದೆ, ತೋಟದವರು ಮರದ ಹತ್ತಿರ ನಿಂತು ಏನು ಮಾತಾಡುತ್ತಾರೆ, ಎಲ್ಲಾ ಬರೆದುಕೊಂಡು ಬಾ. ಬೇಕರಿ ಕಥೆ ಆಗಿದ್ದರೆ ಬೆಳಗಿನ ಜಾವ ಬೇಕರಿಗೆ ಹೋಗು ಅನ್ನುತ್ತಿದ್ದೆ.

ಶೂಟಿಂಗ್ ವಿಚಾರ. ಅಲ್ಮಾಂಟ್ ಊರು ನಿನಗೆ ಹತ್ತಿರ. ಅಂಥ ಊರುಗಳಲ್ಲಿ, ಅಥವಾ ವ್ಯಾಂಕೂವರ್ ಕಡೆ, ಎಷ್ಟೋ ಚಿತ್ರಗಳನ್ನು ಬೇಸಿಗೆಯಲ್ಲೇ ತೆಗೆಯುತ್ತಾರೆ. ಎರಡು ಮೂರು ವಾರದೊಳಗೆ ಮುಗಿಯಬೇಕು. ನೆಲಕ್ಕೆ ಬಿಳಿ ಹೊದಿಕೆ, ನೊರೆ, ಪುಡಿ ಮಾಡಿದ ಐಸ್. ನಟರು ಉಣ್ಣೆ ಕೋಟು ಹಾಕಿಕೊಂಡು ಬಿಸಿಲಲ್ಲಿ ನಿಲ್ಲಬೇಕು. ಅವರ ಕಷ್ಟ ನಿನ್ನ ಪುಟದಿಂದಲೇ ಶುರುವಾಗುತ್ತದೆ ಅನ್ನುವುದನ್ನು ನೆನಪಿಡು. ನಿನ್ನ ಔಟ್‌ಲೈನ್‌ನಲ್ಲಿ ಹೊರಗಿನ ರಾತ್ರಿ ದೃಶ್ಯ ಏಳಿವೆ. ಜೂನ್‌ನಲ್ಲಿ ನಿಮ್ಮಲ್ಲಿ ಸೂರ್ಯ ಮುಳುಗುವುದೇ ಒಂಬತ್ತರ ಹತ್ತಿರ. ಅಷ್ಟು ಚಿಕ್ಕ ರಾತ್ರಿಯಲ್ಲಿ ಏಳು ದೃಶ್ಯ ಯಾರು ತೆಗೆಯುತ್ತಾರೆ? ಎರಡಕ್ಕೆ ಇಳಿಸು. ಉಳಿದದ್ದನ್ನು ಅಡುಗೆಮನೆಗೆ ತಾ. ಕೋಟು ಕಳಚಿ ಮೊಳೆಗೆ ತಗುಲಿಸಿ ಎದುರುಬದುರು ಕೂತರೆ ಇಬ್ಬರಿಗೂ ಮಾತಾಡದೆ ಬೇರೆ ದಾರಿ ಇರುವುದಿಲ್ಲ. ನಿನಗೆ ಬೇಕಾಗಿರುವುದೂ ಅದೇ.

ಇನ್ನೊಂದು ಮಾತು. ನಾನು ಮಗುವನ್ನು ಹೊತ್ತು ಸದ್ದಿಲ್ಲದೆ ನೋಡಿದೆ ಅಂದೆನಲ್ಲ. ಬರೆದ ಪ್ರತಿ ದೃಶ್ಯವನ್ನೂ ಹಾಗೆ ನೋಡು. ಮಾತು ತೆಗೆದರೂ ಏನಾದರೂ ನಡೆಯುತ್ತಿದೆಯಾ? ಆಮೇಲೆ ಕಣ್ಣು ಮುಚ್ಚಿ ಬರೀ ಮಾತು ಕೇಳಿಸಿಕೋ. ಕೆಲಸ ಮಾಡುತ್ತಾ ಬೆನ್ನು ಹಾಕಿ ಕೂತವರಿಗೂ ಕಥೆ ತಪ್ಪಬಾರದು.

ನಾಯಕಿ ನಿನ್ನ ಹಾಗೆ ಮಂಗಳೂರಿನ ಕ್ಯಾಥೊಲಿಕ್ ಮನೆಯವಳಾಗಿದ್ದರೆ ಒಪ್ಪುತ್ತಾರಾ ಅಂತ ಅಂಜುತ್ತಾ ಕೇಳಿದ್ದೀಯ. ಈ ಚಿತ್ರಗಳಲ್ಲಿ ಬಹಳ ಕಾಲ ಒಂದೇ ಥರದ ಮುಖಗಳೇ ಇದ್ದವು, ನಿಜ. 2019ರ ಡಿಸೆಂಬರ್‌ನಲ್ಲಿ ಇಬ್ಬರು ವಧುಗಳು ಮುತ್ತು ಕೊಡುವ ಒಂದು ಜಾಹೀರಾತನ್ನು ಹಾಲ್‌ಮಾರ್ಕ್ ಚಾನೆಲ್ ತೆಗೆದುಹಾಕಿತು. ಜನ ತಿರುಗಿ ಬಿದ್ದರು. ಕೆಲವೇ ದಿನಗಳಲ್ಲಿ ಕ್ಷಮೆ ಕೇಳಿತು. 2022ರಲ್ಲಿ ಇಬ್ಬರು ಗಂಡಸರ ಪ್ರೀತಿಯೇ ಮುಖ್ಯ ಕಥೆಯಾದ ಕ್ರಿಸ್ಮಸ್ ಚಿತ್ರ ಅದೇ ಚಾನೆಲ್‌ನಲ್ಲಿ ಬಂತು. ಬಾಗಿಲು ತೆರೆಯುತ್ತಿದೆ. ಅಂಜಬೇಡ, ಬರೆ. ನಿನಗೆ ಕ್ರಿಸ್ಮಸ್ ಎರವಲು ಹಬ್ಬ ಅಲ್ಲ. ಕುಸ್ವಾರ್ ಅನ್ನುವ ಕ್ರಿಸ್ಮಸ್ ತಿಂಡಿಗಳ ತಟ್ಟೆ ಹಿಡಿದು ಅಕ್ಕಪಕ್ಕದ ಮನೆಗಳಿಗೆ ಹೋಗಿ ಬೆಳೆದವಳು ನೀನು.

ಆದರೆ ಕುಸ್ವಾರ್ ಬರೀ ಅಲಂಕಾರಕ್ಕೆ ಬರಬಾರದು. ನೆವ್ರಿ, ಕಿಡಿಯೊ, ರೋಸ್ ಕುಕೀಸ್ ಅಂತ ಹೆಸರು ಹೇಳಿ ಮುಂದೆ ಹೋದರೆ ಅದು ಗೋಡೆಗೆ ತೂಗುಹಾಕಿದ ಚಿತ್ರ. ಹಿಟ್ಟಿನ ಸಣ್ಣ ಉಂಡೆಯನ್ನು ಫೋರ್ಕ್ ಬೆನ್ನಿನ ಮೇಲೆ ಒತ್ತಿ ಸುರುಳಿ ಮಾಡಿದರೆ ಒಂದು ಕಿಡಿಯೊ. ಒಂದು ಡಬ್ಬಿ ತುಂಬಲು ನೂರಾರು ಬೇಕು. ಒಬ್ಬರೇ ಕೂತರೆ ಮುಗಿಯುವ ಕೆಲಸವೇ ಅಲ್ಲ. ಅಪ್ಪ ತೀರಿಕೊಂಡ ಮನೆಯ ಅಡುಗೆಮನೆಯಲ್ಲಿ ನಿನ್ನ ನಾಯಕಿ ಒಬ್ಬಳೇ ಕೂತು ಶುರು ಮಾಡಲಿ. ಅವನು ಬಂದು, ಏನೂ ಕೇಳದೆ, ಇನ್ನೊಂದು ಫೋರ್ಕ್ ತೆಗೆದುಕೊಳ್ಳಲಿ. ಅವನ ಮೊದಲ ಹತ್ತು ಕೆಟ್ಟದಾಗಿ ಬರಲಿ. ಅವಳು ಅವನ್ನೂ ಎಸೆಯದೆ ಎಣ್ಣೆಗೆ ಹಾಕಲಿ. ಈ ದೃಶ್ಯಕ್ಕೆ ಸಂಭಾಷಣೆ ಬೇಕಾ ಅಂತ ನೀನೇ ನೋಡು.

ಮುಂದಿನ ಡ್ರಾಫ್ಟ್ ಕಳಿಸುವಾಗ ಹೊಸ ಎಂಟನೇ ಅಂಕದಿಂದ ಶುರು ಮಾಡಿ ಕಳಿಸು. ಮೊದಲಿನದು ಆಮೇಲೆ ನೋಡೋಣ. ಅಪ್ಪ ಆ ಸಾಲಿನಲ್ಲಿ ಎಷ್ಟು ಸಸಿ ನೆಟ್ಟಿದ್ದ, ಅದರಲ್ಲಿ ಎಷ್ಟು ಉಳಿದಿವೆ, ಅದನ್ನು ಲೆಕ್ಕ ಮಾಡಿ ಬರೆ. ಅವಳು ಎಣಿಸುತ್ತಾಳಲ್ಲ, ನನಗೂ ಗೊತ್ತಿರಬೇಕು.

ಪ್ರೀತಿಯಿಂದ,
ನಿನ್ನ ಅಕ್ಕ