ಅಪ್ಪನ ಟ್ರಂಕಿನ ಷೇರು ಪತ್ರ

ಮಾನ್ಯ ಸಂಪಾದಕರೇ,

ಅಪ್ಪನ ಟ್ರಂಕಿನಲ್ಲಿ ಇವತ್ತಿಗೂ ಒಂದು ಷೇರು ಪತ್ರ ಇದೆ. 1994ರಲ್ಲಿ ಅಡಿಕೆ ಮಾರಿದ ದುಡ್ಡಿನಲ್ಲಿ ಕೊಂಡದ್ದು. ಕಾಗದ ಹಳದಿಯಾಗಿದೆ, ಮುದ್ರೆ ಮಾತ್ರ ಮಾಸಿಲ್ಲ. ಆ ಕಂಪನಿ ಎರಡೇ ವರ್ಷದಲ್ಲಿ ಬಾಗಿಲು ಹಾಕಿತು. ಅಪ್ಪ ಬರೆದ ಕಾಗದಗಳೆಲ್ಲ ವಾಪಸ್ ಬಂದವು. ಆಗ ಹೀಗೆ ದುಡ್ಡು ಎತ್ತಿ ಮಾಯವಾದ ಕಂಪನಿಗಳು ಒಂದೆರಡಲ್ಲ. ಷೇರುಪೇಟೆಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸೆಬಿಗೆ ಕಾನೂನಿನ ಬಲ ಸಿಕ್ಕಿದ್ದೇ 1992ರಲ್ಲಿ. ಹಿಡಿತ ಬರಲು ಇನ್ನೂ ಸಮಯ ಬೇಕಾಯಿತು.

2009ರಲ್ಲಿ ಸತ್ಯಂ ಎಂಬ ಸಾಫ್ಟ್‌ವೇರ್ ಕಂಪನಿಯ ಲೆಕ್ಕದ ಮೋಸ ಹೊರಬಿದ್ದಾಗ ಕೇಂದ್ರ ಸರ್ಕಾರ ಕೆಲವೇ ದಿನಗಳಲ್ಲಿ ಹಳೆಯ ಆಡಳಿತ ಮಂಡಳಿಯನ್ನು ತೆಗೆದು ಹೊಸಬರನ್ನು ಕೂರಿಸಿತು. ಷೇರು ಬಿದ್ದದ್ದು ಹೌದು, ಆದರೆ ಕಂಪನಿ ಉಳಿಯಿತು. ಪಕ್ಕದ ಶ್ರೀಲಂಕಾ ನೋಡಿ. 2022ರ ಏಪ್ರಿಲ್‌ನಲ್ಲಿ ಸರ್ಕಾರ ವಿದೇಶಿ ಸಾಲ ಕಟ್ಟಲಾಗದೆ ಕೈಚೆಲ್ಲಿತು. ಕೊಲಂಬೊ ಷೇರುಪೇಟೆಯನ್ನೇ ಕೆಲವು ದಿನ ಮುಚ್ಚಬೇಕಾಯಿತು. ಅಲ್ಲಿನ ಒಳ್ಳೆಯ ಕಂಪನಿಗಳು ಏನು ತಪ್ಪು ಮಾಡಿದ್ದವು?

ಹೂಡಿಕೆ ಮಾಡುವವರು ಬರೀ ಲಾಭ ನೋಡುವುದಿಲ್ಲ. ನಿಯಮ ರಾತ್ರೋರಾತ್ರಿ ಬದಲಾಗುತ್ತದೆಯೇ, ಮೋಸವಾದರೆ ಕೋರ್ಟಿನಲ್ಲಿ ಬೇಗ ನ್ಯಾಯ ಸಿಗುತ್ತದೆಯೇ ಅಂತಲೂ ನೋಡುತ್ತಾರೆ. ನಂಬಿಕೆ ಇಲ್ಲದ ಕಡೆ ಷೇರಿಗೆ ಕಮ್ಮಿ ಬೆಲೆಯನ್ನೇ ಕೊಡುತ್ತಾರೆ, ಅಲ್ವಾ?

ಈಗ ನಮ್ಮ ಬದಿಯಡ್ಕ, ಕುಂಬಳೆ ಕಡೆಯ ಹುಡುಗರು ಮೊಬೈಲಿನಲ್ಲೇ ಷೇರು ಕೊಳ್ಳುತ್ತಾರೆ. ಮೋಸವಾದರೆ ದೂರು ಎಲ್ಲಿ ಕೊಡಬೇಕು ಅಂತ ಕೇಳಿದರೆ ಮುಖ ಮುಖ ನೋಡುತ್ತಾರೆ. ಸೆಬಿಯ ದೂರು ವ್ಯವಸ್ಥೆ ‘ಸ್ಕೋರ್ಸ್’ ಬಗ್ಗೆ ಕಾಸರಗೋಡಿನ ಹಳ್ಳಿಗಳಲ್ಲಿ ಕನ್ನಡದಲ್ಲೇ ಮಾಹಿತಿ ಶಿಬಿರ ನಡೆಸಬೇಕು. ಪಂಚಾಯತ್ ಸಭಾಂಗಣವೇ ಸಾಕು.

– ಒಬ್ಬ ಓದುಗ, ಬದಿಯಡ್ಕ, ಕಾಸರಗೋಡು