ರಾಮಾಚಾರಿಯನ್ನು ಬಿಡಿ, ಮೇಷ್ಟ್ರನ್ನು ನೋಡಿ

ಮಾನ್ಯ ಸಂಪಾದಕರೇ,

ಕನ್ನಡದ ಅತ್ಯುತ್ತಮ ಹತ್ತು ಚಿತ್ರಗಳು ಯಾವುವು ಎಂಬ ಬಗ್ಗೆ ನಿಮ್ಮ ಓದುಗರ ಪತ್ರ ವಿಭಾಗದಲ್ಲಿ ನಡೆದಿರುವ ಜಗಳವನ್ನು ಬಿಡದೆ ಓದುತ್ತಿದ್ದೇನೆ. 1972ರ ‘ನಾಗರಹಾವು’ ಯೋಗ್ಯತೆಗೆ ಮೀರಿ ಹೊಗಳಿಸಿಕೊಂಡ ಚಿತ್ರ, ಪುಂಡನೊಬ್ಬನನ್ನು ಮೆರೆಸಿದ ಚಿತ್ರ ಎಂದು ಒಬ್ಬರು ಬರೆದರು. ಅದಕ್ಕೆ ಬಂದ ಉತ್ತರಗಳೆಲ್ಲ ಚಿತ್ರದ ನಾಯಕ ರಾಮಾಚಾರಿಯ ಪರವಾದ ವಕಾಲತ್ತು. ಅವನ ಪ್ರಾಮಾಣಿಕತೆ, ಅವನ ರೋಷ, ಆ ಪಾತ್ರ ಮಾಡಿದ ವಿಷ್ಣುವರ್ಧನ್ ಅವರ ಕಣ್ಣು. ಕಣ್ಣಿನ ವಿಷಯದಲ್ಲಿ ನನ್ನ ತಕರಾರಿಲ್ಲ. ಆದರೆ ಎರಡೂ ಕಡೆಯವರು ಕಟಕಟೆಗೆ ಕರೆದದ್ದು ಒಬ್ಬನನ್ನೇ ಎಂಬುದು ನನ್ನ ಆಕ್ಷೇಪ.

ಮೂರು ದಶಕಕ್ಕೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ಪಾಠ ಮಾಡಿದವಳು ನಾನು. ಹಾಗಾಗಿ ಈ ಚಿತ್ರದಲ್ಲಿ ನನ್ನ ಕಣ್ಣು ಹೋಗುವುದು ಚಾಮಯ್ಯ ಮೇಷ್ಟ್ರ ಕಡೆಗೆ. ಹೆತ್ತ ಅಪ್ಪನಿಗೂ ಬಗ್ಗದ ಹುಡುಗ ಈ ಒಬ್ಬರ ಮಾತಿಗೆ ಬಗ್ಗುತ್ತಾನೆ. ಆ ಅಧಿಕಾರ ಅವರಿಗೆ ಬಂದದ್ದು ಬೆತ್ತದಿಂದಲ್ಲ, ಪ್ರೀತಿಯಿಂದ. ಅದೇ ಅಧಿಕಾರವನ್ನು ಅವರು ಎಲ್ಲಿ ಬಳಸಿದರು ಎಂಬುದನ್ನು ಯಾಕೆ ಯಾರೂ ಕೇಳುವುದಿಲ್ಲ? ರಾಮಾಚಾರಿ ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಡು ಎಂದು ಅವನನ್ನು ಒಪ್ಪಿಸಿದವರು ಅವರೇ. ತ್ಯಾಗ, ಮರ್ಯಾದೆ, ಹೆತ್ತವರ ಸಂಕಟ ಎಂದು ಎಷ್ಟು ಚೆನ್ನಾಗಿ ಮಾತನಾಡುತ್ತಾರೆಂದರೆ ನೋಡುವ ನಮಗೂ ಸರಿಯೆನಿಸಿಬಿಡುತ್ತದೆ. ಜಾತಿ ನೋಡಿ ಕೊಟ್ಟ ಆ ಮದುವೆ ಅಲಮೇಲುವನ್ನು ಎಂಥ ದುರ್ಗತಿಗೆ ತಲುಪಿಸಿತು ಎಂಬುದು ರಾಮಾಚಾರಿ ಅವಳನ್ನು ಮತ್ತೆ ಕಾಣುವ ದೃಶ್ಯದಲ್ಲಿ ಗೊತ್ತಾಗುತ್ತದೆ. ಅದನ್ನು ಕಂಡ ಹುಡುಗ ಆಮೇಲೆ ತಾನು ಪ್ರೀತಿಸಿದ ಮಾರ್ಗರೆಟ್ಟಳ ವಿಷಯದಲ್ಲಿ ಇನ್ನೊಮ್ಮೆ ಯಾಕೆ ಬಗ್ಗಬೇಕು? ಮೇಷ್ಟ್ರು ಮಾತ್ರ ಅದೇ ಹಳೆಯ ಪಾಠವನ್ನು ಹಿಡಿದುಕೊಂಡೇ ಬೆಟ್ಟ ಹತ್ತುತ್ತಾರೆ.

ಒಳ್ಳೆಯ ಮನುಷ್ಯ, ಒಳ್ಳೆಯ ಉದ್ದೇಶ, ಕೊನೆಗೆ ಮೂರು ಸಾವು: ಮೇಷ್ಟ್ರು, ರಾಮಾಚಾರಿ, ಮಾರ್ಗರೆಟ್. ಕೆ.ಎಸ್. ಅಶ್ವಥ್ ಈ ಪಾತ್ರವನ್ನು ಖಳನ ನೆರಳೂ ತಾಗದಂತೆ ನಿಭಾಯಿಸಿದ್ದಾರೆ. ಮನೆಯಲ್ಲಿ ಲೀಲಾವತಿಯವರ ತುಂಗಮ್ಮನ ಎದುರು ಮೃದುವಾಗುವ ಆ ಧ್ವನಿಯೇ ಶಿಷ್ಯನಿಗೆ ಬುದ್ಧಿ ಹೇಳುವಾಗಲೂ ಕೇಳಿಸುತ್ತದೆ. ಅವರು ಗದರಿದ್ದರೆ ರಾಮಾಚಾರಿ ಬಚಾವಾಗುತ್ತಿದ್ದನೋ ಏನೋ. ನಿರ್ದೇಶಕ ಪುಟ್ಟಣ್ಣ ಕಣಗಾಲ್ ಅವರು ಈ ಮೇಷ್ಟ್ರನ್ನು ಪೂಜಿಸಿದರೋ ಪ್ರಶ್ನಿಸಿದರೋ ಎಂದು ಇಂದಿಗೂ ವಾದ ಮಾಡಬಹುದು. ಅಂಥ ವಾದಕ್ಕೆ ಜಾಗವಿರುವ ಚಿತ್ರವನ್ನು ಅತಿ ಹೊಗಳಿಕೆಯ ಪಟ್ಟಿಗೆ ಹೇಗೆ ಸೇರಿಸಲಿ?

ಚಿತ್ರದಲ್ಲಿ ಕೊರತೆಗಳಿಲ್ಲವೆಂದಲ್ಲ. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಒಂದು ಚಿತ್ರಕ್ಕೆ ತುರುಕಿದ್ದರಿಂದ ಮಾರ್ಗರೆಟ್ ಅವಸರದಲ್ಲಿ ಬಂದು ಹೋಗುತ್ತಾಳೆ. ತಮ್ಮ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದು ಲೇಖಕರು ಬೇಸರಿಸಿದ್ದರೆಂಬ ಮಾತು ಬಹುಕಾಲದಿಂದ ಚಾಲ್ತಿಯಲ್ಲಿದೆ. ಜಯಂತಿಯವರ ಓಬವ್ವನ ಹಾಡು ಕತೆಯಿಂದ ಹೊರಗೇ ನಿಲ್ಲುತ್ತದೆ (ಅದನ್ನು ಕತ್ತರಿಸಿ ಎಂದು ಹೇಳುವ ಧೈರ್ಯ ಮಾತ್ರ ನನಗಿಲ್ಲ). 2018ರಲ್ಲಿ ಚಿತ್ರ ಮತ್ತೆ ತೆರೆಗೆ ಬಂದಾಗ ನೋಡಲು ಹೋಗಿದ್ದೆ. ಅಂಬರೀಷ್ ಅವರ ಜಲೀಲ ‘ಏ ಬುಲ್ ಬುಲ್, ಮಾತಾಡಕಿಲ್ವಾ’ ಎಂದ ಕೂಡಲೇ ಚಿತ್ರಮಂದಿರ ಶಿಳ್ಳೆಯಲ್ಲಿ ಮುಳುಗಿತು. ಅದು ಬೀದಿಯಲ್ಲಿ ಹೆಣ್ಣುಮಗಳನ್ನು ಪೀಡಿಸುವವನ ಮಾತು! ಅದನ್ನು ನೆಚ್ಚಿನ ಸಂಭಾಷಣೆ ಮಾಡಿಕೊಂಡವರು ಪ್ರೇಕ್ಷಕರು. ರಾಮಾಚಾರಿಯನ್ನು ಆದರ್ಶ ಮಾಡಿಕೊಂಡವರೂ ಅವರೇ. ಪತ್ರ ಬರೆದವರ ಸಿಟ್ಟು ನ್ಯಾಯವಾದದ್ದು, ಅದು ತಿರುಗಬೇಕಾದದ್ದು ಶಿಳ್ಳೆಯ ಕಡೆಗೆ.

ಹೊಗಳಿಕೆ ಹೆಚ್ಚಾಯಿತು ಎನ್ನಲು ನನಗೂ ಒಬ್ಬ ನಾಯಕನಿದ್ದಾನೆ. ಅದೇ 1972ರಲ್ಲಿ ಬಂದ ‘ಬಂಗಾರದ ಮನುಷ್ಯ’ದ ರಾಜೀವ. ಓದುಗರು ಸಿಟ್ಟಾಗಬಹುದು. ಚಿತ್ರ ಬೆಂಗಳೂರಿನಲ್ಲಿ ಎರಡು ವರ್ಷ ಓಡಿದ್ದು ನಿಜ, ಅದನ್ನು ನೋಡಿ ಪಟ್ಟಣ ಬಿಟ್ಟು ಹೊಲಕ್ಕೆ ಮರಳಿದವರಿದ್ದಾರೆ ಎನ್ನುತ್ತಾರೆ. ರಾಜ್‌ಕುಮಾರ್ ಬಂಡೆಯ ನೆಲವನ್ನು ಹಸನು ಮಾಡುವ ಭಾಗ ಇಂದಿಗೂ ಮೈ ನವಿರೇಳಿಸುತ್ತದೆ. ಆದರೆ ಆ ರಾಜೀವ ಒಂದು ತಪ್ಪನ್ನಾದರೂ ಮಾಡುತ್ತಾನೆಯೇ? ತಪ್ಪು ಮಾಡುವ ಕೆಲಸವನ್ನೆಲ್ಲ ಸುತ್ತಲಿನವರಿಗೆ ಹಂಚಿಕೊಟ್ಟಿದ್ದಾರೆ. ಕೊನೆಯಲ್ಲಿ ತಾನೇ ಸಾಕಿ ಓದಿಸಿದ ಅಕ್ಕನ ಮಗ ಹಣದ ವಿಷಯದಲ್ಲಿ ಅನುಮಾನಿಸಿ ಮಾತನಾಡಿದಾಗ ರಾಜೀವ ಉಣ್ಣುತ್ತಿದ್ದ ಎಲೆಯ ಮುಂದಿನಿಂದ ಎದ್ದು ಮನೆ ಬಿಟ್ಟು ಹೋಗುತ್ತಾನೆ. ಒಂದು ಮಾತು ವಿವರಿಸಿದ್ದರೆ ಎಲ್ಲರ ಸಂಕಟ ಅಲ್ಲಿಗೇ ಮುಗಿಯುತ್ತಿತ್ತು. ಎಲ್ಲರೂ ಅದನ್ನು ತ್ಯಾಗ ಎನ್ನುತ್ತಾರೆ, ನನಗೆ ಅದರಲ್ಲಿ ಸ್ವಲ್ಪ ಅಹಂಕಾರವೂ ಕಾಣುತ್ತದೆ. ಚಿತ್ರಕ್ಕೆ ಮಾತ್ರ ಅದು ಕಾಣಿಸಿಯೇ ಇಲ್ಲ. ಮೇಷ್ಟ್ರ ತಪ್ಪಿಗೆ ‘ನಾಗರಹಾವು’ ಬೆಲೆ ತೆತ್ತಿತು, ರಾಜೀವನ ಮೌನಕ್ಕೆ ಇಲ್ಲಿ ಬರೀ ಹಾರ.

ಹಾಗಿದ್ದರೆ ಹತ್ತರಿಂದ ಯಾವುದನ್ನು ತೆಗೆಯುತ್ತೀರಿ ಎಂದು ಮೂಲ ಪತ್ರದವರು ಸವಾಲು ಹಾಕಿದ್ದಾರೆ. ‘ಬಂಗಾರದ ಮನುಷ್ಯ’ವನ್ನು ನಾನು ತೆಗೆಯುವುದಿಲ್ಲ. ಅದರಲ್ಲಿ ರಾಚೂಟಪ್ಪ ಇದ್ದಾನೆ. ಆ ಪಾತ್ರ ಮಾಡಿದ, ಕಿವಿ ಸರಿಯಾಗಿ ಕೇಳಿಸದ ಬಾಲಕೃಷ್ಣ ಅವರು ಎದುರಿನವರ ಮಾತು ಮುಗಿದ ಆ ಕ್ಷಣಕ್ಕೆ ಸರಿಯಾಗಿ ಉತ್ತರ ಕೊಡುವುದನ್ನು ಗಮನಿಸಿ. ರಾಜೀವನ ಹೆಸರಿನಲ್ಲಿ ಬೇಡ, ರಾಚೂಟಪ್ಪನ ಲೆಕ್ಕದಲ್ಲಿ ಅದು ಪಟ್ಟಿಯಲ್ಲಿರಲಿ.

ಇತಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ